ಮೊಂತೆಪುಲ್ಚಾನೊ: ದಿನಕ್ಕೆ ಎರಡು ವೈನರಿ ಸಾಕು

ಇಟಲಿಯ ಟಸ್ಕನಿ ಸೀಮೆಯ ವೈನರಿಗಳನ್ನು ನೋಡಬೇಕೆಂದು ಹೊರಡುವ ಗೆಳೆಯರ ಗುಂಪು ಮೊದಲು ಮಾಡುವ ಕೆಲಸ ಬಾಡಿಗೆ ಕಾರು ಹುಡುಕುವುದು. ಆದರೆ ಅಲ್ಲಿನ ಮೊಂತೆಪುಲ್ಚಾನೊಗೆ ಹೋಗುವವರಿಗೆ ಮೊದಲ ದಿನ ಕಾರೇ ಬೇಡ. ಸುಮಾರು 600 ಮೀಟರ್ ಎತ್ತರದ ಬೆಟ್ಟದ ನೆತ್ತಿಯ ಮೇಲಿರುವ ಈ ಹಳೆಯ ಊರಿನಲ್ಲಿ ವೈನ್ ಮಾಗುವುದು ಊರಿನ ಅಡಿಯಲ್ಲೇ. ಕೆಳಗಿನ ಕೋಟೆ ಬಾಗಿಲು ಪೋರ್ತಾ ಅಲ್ ಪ್ರಾತೊದಿಂದ ಮೇಲಿನ ಚೌಕ ಪಿಯಾತ್ಸಾ ಗ್ರಾಂದೆವರೆಗೆ ಒಂದು ಕಿಲೋಮೀಟರಿಗೂ ಹೆಚ್ಚು ಉದ್ದದ ಏರುದಾರಿ ಇದೆ. ಕೊರ್ಸೊ ಎಂದು ಅದರ ಹೆಸರು. ಅದರ ಇಕ್ಕೆಲಗಳಲ್ಲಿ ಸಾಲುಗಟ್ಟಿದ ಕಲ್ಲಿನ ಮಹಲುಗಳ ಪೈಕಿ ಹಲವುಗಳ ಕೆಳಗೆ ಶತಮಾನಗಳ ಹಿಂದೆ ಬೆಟ್ಟವನ್ನೇ ಕೊರೆದು ಮಾಡಿದ ನೆಲಮಾಳಿಗೆಗಳಿವೆ. ಇಟಾಲಿಯನ್ನರು ಅವನ್ನು ಕಂತೀನಾ ಎನ್ನುತ್ತಾರೆ. ವೈನರಿಗೂ ಅದೇ ಮಾತು.

ನಾವು ಐವರು ಹೋಗಿದ್ದೆವು. ಮೊದಲು ಇಳಿದದ್ದು ದೆ ರಿಚ್ಚಿ ಮನೆತನದ ಹೆಸರು ಹೊತ್ತ ನೆಲಮಾಳಿಗೆಗೆ. ಬೀದಿಯಿಂದ ನೋಡಿದರೆ ಅದೊಂದು ಸಾಧಾರಣ ಅಂಗಡಿ ಬಾಗಿಲು. ಒಳಗೆ ಮೆಟ್ಟಿಲು ಇಳಿಯತೊಡಗಿದಂತೆ ಗಾಳಿ ತಣ್ಣಗಾಗುತ್ತದೆ. ಒದ್ದೆ ಕಲ್ಲಿನ ವಾಸನೆ, ಮರದ ವಾಸನೆ, ಹುಳಿ ಬಂದ ಹಣ್ಣಿನ ವಾಸನೆ ಒಟ್ಟಿಗೆ ಬರುತ್ತವೆ. ಜೋಳ, ರಾಗಿ ತುಂಬಿಡುತ್ತಿದ್ದ ಹಗೇವಿಗೆ ಇಳಿದು ಗೊತ್ತಿರುವವರಿಗೆ ಆ ತಂಪು ಹೊಸದಲ್ಲ. ನೆಲದ ಆಳದಲ್ಲಿ ಬೇಸಿಗೆಗೂ ಚಳಿಗಾಲಕ್ಕೂ ಹೆಚ್ಚು ವ್ಯತ್ಯಾಸವಿರುವುದಿಲ್ಲ ಎಂಬುದು ನಮ್ಮ ರೈತರಿಗೂ ಅವರ ರೈತರಿಗೂ ಗೊತ್ತಿದ್ದ ಸಂಗತಿ. ಆದರೆ ಈ ಹಗೇವಿಗೆ ದೇವಸ್ಥಾನದ ಎತ್ತರ. ಕೊನೆಯ ಮೆಟ್ಟಿಲು ಇಳಿದು ತಲೆಯೆತ್ತಿದರೆ ಕಮಾನಿನ ಮೇಲೆ ಕಮಾನು, ಕೆಳಗೆ ಆಳೆತ್ತರ ಮೀರಿದ ಓಕ್ ಮರದ ಪೀಪಾಯಿಗಳ ಸಾಲು.

ಅಲ್ಲಿ ನಿಂತಾಗ ಪೀಪಾಯಿಯ ನೆತ್ತಿಯನ್ನು ಗಮನಿಸಿ. ಕೆಲವುಗಳ ಮೇಲೆ ಗಾಜಿನ ಬುರುಡೆಯೊಂದು ಕೂತಿರುತ್ತದೆ, ಅದರೊಳಗೆ ವೈನ್ ಕಾಣುತ್ತಿರುತ್ತದೆ. ಮರದ ಸೂಕ್ಷ್ಮ ರಂಧ್ರಗಳಿಂದ ವೈನ್ ದಿನವೂ ಒಂದಿಷ್ಟು ಆವಿಯಾಗುತ್ತದೆ. ಪೀಪಾಯಿಯಲ್ಲಿ ಜಾಗ ಖಾಲಿಯಾದರೆ ಗಾಳಿ ಸೇರುತ್ತದೆ, ಗಾಳಿ ಸೇರಿದರೆ ವೈನ್ ವಿನೆಗರ್ ಆಗುವತ್ತ ಹೊರಳುತ್ತದೆ. ಬುರುಡೆಯಲ್ಲಿ ಮಟ್ಟ ಇಳಿದದ್ದು ಕಂಡರೆ ಅದೇ ವೈನನ್ನು ಮತ್ತೆ ತುಂಬಬೇಕು. ವರ್ಷಗಟ್ಟಲೆ ಈ ಕೆಲಸ ತಪ್ಪುವಂತಿಲ್ಲ. ಒಂದು ಬಾಟಲಿಯ ಬೆಲೆ ಏಕೆ ಅಷ್ಟು ಎಂಬ ಪ್ರಶ್ನೆಗೆ ಅರ್ಧ ಉತ್ತರ ಆ ಬುರುಡೆಯಲ್ಲೇ ಸಿಗುತ್ತದೆ.

ಪಿಯಾತ್ಸಾ ಗ್ರಾಂದೆಯಲ್ಲೇ ಇರುವ ಕೊಂತೂಚಿ ಇನ್ನೊಂದು ಹಳೆಯ ನೆಲಮಾಳಿಗೆ. ಆ ಮನೆತನದವರು ಯುರೋಪಿನ ಪುನರುಜ್ಜೀವನ ಕಾಲದಿಂದ ಅಲ್ಲಿ ವೈನ್ ಮಾಡುತ್ತ ಬಂದಿದ್ದಾರೆ. ಊರೊಳಗಿನ ಇಂಥ ನೆಲಮಾಳಿಗೆಗಳಲ್ಲಿ ಕೆಲವಕ್ಕೆ ಸುಮ್ಮನೆ ಇಳಿದು ನೋಡಿಕೊಂಡು ಬರಬಹುದು. ಕುಳಿತು ನಾಲ್ಕು ಬಗೆ ರುಚಿ ನೋಡಬೇಕೆಂದರೆ ಹಣ ಕೊಡಬೇಕು. ಹಾಗಾಗಿ ಮೊದಲ ದಿನವನ್ನು ನಡಿಗೆಗೇ ಮೀಸಲಿಡಿ. ಕಲ್ಲು ಹಾಸಿದ ಏರುದಾರಿ ಅದು, ಹಿಡಿತವಿರುವ ಶೂ ಬೇಕು. ಮಂಡಿ ನೋವಿರುವವರು ಜೊತೆಗಿದ್ದರೆ ಊರೊಳಗಿನ ಸಣ್ಣ ಬಸ್ಸಿನಲ್ಲಿ ಮೇಲೆ ಹೋಗಿ ಕೆಳಗೆ ನಡೆದು ಬರುವುದು ಸುಖ.

ಲೋಟದಲ್ಲಿ ಏನಿದೆ

ಈ ಊರಿನ ವೈನಿನ ಹೆಸರು ವೀನೊ ನೋಬಿಲೆ ದಿ ಮೊಂತೆಪುಲ್ಚಾನೊ. ನೋಬಿಲೆ ಎಂದರೆ ಕುಲೀನ. ಇಲ್ಲೊಂದು ಗೊಂದಲವನ್ನು ಮೊದಲೇ ಬಿಡಿಸಿಕೊಳ್ಳಿ. ಅಂಗಡಿಗಳಲ್ಲಿ 'ಮೊಂತೆಪುಲ್ಚಾನೊ ದ ಅಬ್ರುತ್ಸೊ' ಎಂಬ ಬಾಟಲಿಯೂ ಸಿಗುತ್ತದೆ. ಅದು ಆಡ್ರಿಯಾಟಿಕ್ ಕಡಲ ಕಡೆಯ ಅಬ್ರುತ್ಸೊ ಸೀಮೆಯದು. ಅಲ್ಲಿ ಮೊಂತೆಪುಲ್ಚಾನೊ ಎನ್ನುವುದು ದ್ರಾಕ್ಷಿಯ ತಳಿ, ಇಲ್ಲಿ ಊರು. ಎರಡೂ ಬೇರೆ ಬೇರೆ ವೈನ್. ನೋಬಿಲೆಯಲ್ಲಿ ಕನಿಷ್ಠ ಶೇ. 70 ಭಾಗ ಸಾಂಜೊವೇಸೆ ತಳಿ ಇರಬೇಕು. ಊರವರು ಅದನ್ನು ಪ್ರುನ್ಯೋಲೊ ಜೆಂತೀಲೆ ಎಂದು ಕರೆಯುತ್ತಾರೆ. ಕೊಯ್ಲಿನ ನಂತರದ ಜನವರಿಯಿಂದ ಲೆಕ್ಕ ಹಾಕಿ ಕನಿಷ್ಠ ಎರಡು ವರ್ಷ ಮಾಗಬೇಕು, ರಿಸೆರ್ವಾ ಎಂದು ಬರೆದಿದ್ದರೆ ಮೂರು ವರ್ಷ. ಇಟಲಿಯ ವೈನ್ ಕಾಯ್ದೆಯ ಅತಿ ಕಟ್ಟುನಿಟ್ಟಾದ ದರ್ಜೆ 1980ರಲ್ಲಿ ಮೊದಲು ಸಿಕ್ಕ ವೈನುಗಳಲ್ಲಿ ಇದೂ ಒಂದು. ಬಾಟಲಿಯ ಕುತ್ತಿಗೆಗೆ ಅಂಟಿಸಿದ ಸರ್ಕಾರಿ ಪಟ್ಟಿ ಅದರ ಗುರುತು.

ಅದೇ ತೋಟಗಳಿಂದ ಬರುವ ರೊಸ್ಸೊ ದಿ ಮೊಂತೆಪುಲ್ಚಾನೊ ಎಂಬ ಎಳೆಯ ವೈನ್ ಬೆಲೆಯಲ್ಲೂ ಕಡಿಮೆ, ಕುಡಿಯಲೂ ಹಗುರ. ವೈನ್ ಅಭ್ಯಾಸವಿಲ್ಲದವರು ಇಲ್ಲಿಂದಲೇ ಶುರುಮಾಡಲಿ. ದ್ರಾಕ್ಷಿಯನ್ನು ತಿಂಗಳುಗಟ್ಟಲೆ ಒಣಗಿಸಿ, ಹಿಂಡಿ, ಪುಟ್ಟ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಮುಚ್ಚಿಟ್ಟು ಮಾಡುವ ವಿನ್ ಸಾಂತೊ ಎಂಬ ಸಿಹಿ ವೈನನ್ನು ಕೊನೆಗೆ ಕೇಳಿ. ಎರಡು ಚಮಚದಷ್ಟು ಸಿಕ್ಕರೂ ಸಾಕು. ಒಣದ್ರಾಕ್ಷಿ, ಜೇನುತುಪ್ಪ, ಬಾದಾಮಿ ಮೂರೂ ಬಾಯಿಗೆ ಬಂದಂತಾಗುತ್ತದೆ.

ರುಚಿ ಹೇಳಲು ವೈನ್ ಪಂಡಿತರ ಪದಗಳು ಬರುವುದಿಲ್ಲವೆಂದು ನಮ್ಮವರು ಸಂಕೋಚಪಡುತ್ತಾರೆ. ಕೆಂಪು ವೈನಿನ ಮುಖ್ಯ ಗುಣಕ್ಕೆ ಕನ್ನಡದಲ್ಲಿ ಒಳ್ಳೆಯ ಮಾತಿದೆ: ಒಗರು. ಎಳೆ ಅಡಿಕೆ ಜಗಿದಾಗ, ಬಾಳೆಕಾಯಿಯ ಸಿಪ್ಪೆ ನಾಲಿಗೆಗೆ ತಾಗಿದಾಗ ವಸಡು ಹಿಡಿದಂತಾಗುತ್ತದಲ್ಲ, ಅದೇ. ದ್ರಾಕ್ಷಿಯ ಸಿಪ್ಪೆ, ಬೀಜ ಮತ್ತು ಪೀಪಾಯಿಯ ಮರದಿಂದ ಬರುವ ಟ್ಯಾನಿನ್ ಅದಕ್ಕೆ ಕಾರಣ. ಎಳೆಯ ನೋಬಿಲೆಯಲ್ಲಿ ಒಗರು ಮುಂದೆ ನಿಲ್ಲುತ್ತದೆ, ಮಾಗಿದ್ದರಲ್ಲಿ ಹಿಂದೆ ಸರಿಯುತ್ತದೆ. ಒಂದೇ ವೈನರಿಯ ಎರಡು ಬೇರೆ ವರ್ಷಗಳ ಬಾಟಲಿಯನ್ನು ಅಕ್ಕಪಕ್ಕ ಇಟ್ಟು ಕೊಡುವಂತೆ ಕೇಳಿ. ಮೊದಲು ಒಗರು, ಆಮೇಲೆ ಹುಳಿ, ನುಂಗಿದ ಮೇಲೆ ಬಾಯಲ್ಲಿ ಎಷ್ಟು ಹೊತ್ತು ಉಳಿಯುತ್ತದೆ ಎಂಬುದು. ಈ ಮೂರನ್ನು ಗಮನಿಸಿದರೆ ಐವರು ಗೆಳೆಯರ ನಡುವೆ ಒಂದು ಗಂಟೆಯ ಮಾತಿಗೆ ಸಾಮಗ್ರಿ ಸಿಕ್ಕಿತು.

ಲೆಕ್ಕ ಹಾಕಿಯೇ ಹೊರಡಿ

ಈಗ ಮುಖ್ಯ ವಿಷಯ. ದಿನಕ್ಕೆ ಎರಡು ವೈನರಿ ಸಾಕು. ಎರಡನೆಯ ದಿನ ನಾವು ನಾಲ್ಕು ಕಡೆ ಹೊತ್ತು ಗೊತ್ತುಮಾಡಿಕೊಂಡಿದ್ದೆವು. ಮೂರನೆಯದನ್ನು ತಲುಪುವಾಗ ಊಟದ ಹೊತ್ತು ಮೀರಿತ್ತು, ಮೊದಲನೆಯ ಕಡೆ ಏನು ಕುಡಿದೆವು ಎಂಬುದು ಯಾರಿಗೂ ಸರಿಯಾಗಿ ನೆನಪಿರಲಿಲ್ಲ. ನಾಲ್ಕನೆಯ ಕಡೆ ಪ್ರೀತಿಯಿಂದ ಕಾದಿದ್ದ ಹಿರಿಯರೊಬ್ಬರ ಎದುರು ನಮ್ಮಲ್ಲಿ ಇಬ್ಬರು ತೂಕಡಿಸಿದರು. ಅವರು ಏನೂ ಅನ್ನಲಿಲ್ಲ. ಆ ದಿನ ನೆನೆದರೆ ಇವತ್ತಿಗೂ ನನಗೆ ನೋವಾಗುತ್ತದೆ.

ಲೆಕ್ಕ ಸುಲಭ. ಒಂದು ಕಡೆ ನಾಲ್ಕು ಬಗೆಯ ವೈನ್, ಪ್ರತಿಯೊಂದೂ ಸುಮಾರು 50 ಮಿಲಿಲೀಟರ್ ಎಂದುಕೊಳ್ಳಿ. ಎರಡು ಕಡೆ ಸೇರಿ 400 ಮಿಲಿಲೀಟರ್, ಅಂದರೆ 750 ಮಿಲಿಲೀಟರ್ ಬಾಟಲಿಯ ಅರ್ಧಕ್ಕಿಂತ ಹೆಚ್ಚು. ಅದೂ ಶೇ. 13-14 ಮದ್ಯಸಾರವಿರುವ ವೈನ್. ನುಂಗಲೇಬೇಕೆಂದಿಲ್ಲ. ಮೇಜಿನ ಮೇಲೆ ಉಗುಳಲು ಪಾತ್ರೆ ಇರುತ್ತದೆ, ಇಲ್ಲದಿದ್ದರೆ ಕೇಳಿ. ವೈನ್ ತಯಾರಿಸುವವರೇ ಉಗುಳಿ ರುಚಿ ನೋಡುತ್ತಾರೆ. ಅವರ ಮುಂದೆ ಉಗುಳಿದರೆ ಅವಮಾನವಲ್ಲ, ನೀವು ಗಂಭೀರವಾಗಿ ನೋಡುತ್ತಿದ್ದೀರಿ ಎಂದೇ ಅರ್ಥ.

ಇಟಲಿಯಲ್ಲಿ ವಾಹನ ಓಡಿಸುವವರ ರಕ್ತದಲ್ಲಿ ಲೀಟರಿಗೆ 0.5 ಗ್ರಾಂ ಮದ್ಯಸಾರವೇ ಮಿತಿ. ಲೈಸೆನ್ಸ್ ಪಡೆದು ಮೂರು ವರ್ಷ ಆಗದವರಿಗೆ ಸೊನ್ನೆ. ಗೆಳೆಯರಲ್ಲಿ ಒಬ್ಬರನ್ನು 'ನೀನು ಕುಡಿಯಬೇಡ, ಓಡಿಸು' ಎಂದು ಕೂರಿಸುವುದು ನ್ಯಾಯವೂ ಅಲ್ಲ. ಊರಿನ ಹೊರಗಿನ ತೋಟಗಳಿಗೆ ಹೋಗುವ ದಿನ ಚಾಲಕನ ಸಮೇತ ವ್ಯಾನ್ ಗೊತ್ತುಮಾಡಿ, ಬಾಡಿಗೆಯನ್ನು ಐದೋ ಆರೋ ಪಾಲು ಹಾಕಿಕೊಳ್ಳಿ. ಉಳಿದುಕೊಳ್ಳುವ ಮನೆಯವರನ್ನು ಕೇಳಿದರೆ ಗೊತ್ತಿರುವ ಚಾಲಕರನ್ನು ಹೇಳುತ್ತಾರೆ. ಗುಂಪಿನಲ್ಲಿ ಕುಡಿಯದವರೇ ಇದ್ದು ತಾವೇ ಸಂತೋಷದಿಂದ ಓಡಿಸುತ್ತೇನೆಂದರೆ ಮಾತು ಬೇರೆ. ಆಗ ಭಾರತದ ಲೈಸೆನ್ಸ್ ಜೊತೆಗೆ ಆರ್‌ಟಿಓ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಇರಲಿ. ಹಳೆಯ ಊರುಗಳ ಒಳಭಾಗಕ್ಕೆ ಹೊರಗಿನ ಕಾರುಗಳು ನುಗ್ಗುವಂತಿಲ್ಲ. ಕ್ಯಾಮೆರಾ ನಂಬರ್ ಪ್ಲೇಟ್ ಹಿಡಿದು, ದಂಡದ ಚೀಟಿ ತಿಂಗಳಾದ ಮೇಲೆ ಮನೆಗೆ ಬರುತ್ತದೆ. ಕೋಟೆಯ ಹೊರಗಿನ ಪಾರ್ಕಿಂಗ್‌ನಲ್ಲೇ ಕಾರು ಬಿಡಿ.

ಹೊರಗಿನ ವೈನರಿಗಳಿಗೆ ಇಮೇಲ್ ಮಾಡಿ ಮೊದಲೇ ಹೊತ್ತು ಗೊತ್ತುಮಾಡಿಕೊಳ್ಳಬೇಕು. ಎಷ್ಟು ಜನ, ಎಷ್ಟು ಗಂಟೆಗೆ, ಯಾವ ಭಾಷೆ, ಸಸ್ಯಾಹಾರಿಗಳೆಷ್ಟು ಎಂಬ ನಾಲ್ಕು ಸಂಗತಿ ಬರೆದರೆ ಸಾಕು. ಬೆಳಿಗ್ಗೆ ಹನ್ನೊಂದಕ್ಕೆ ಒಂದು, ಊಟವಾದ ಮೇಲೆ ನಾಲ್ಕಕ್ಕೆ ಒಂದು. ಮಧ್ಯಾಹ್ನ ಅವರೂ ಬಾಗಿಲು ಹಾಕಿ ಉಣ್ಣುತ್ತಾರೆ, ಆ ಹೊತ್ತಿನಲ್ಲಿ ಹೋಗಿ ಬಾಗಿಲು ಬಡಿಯಬಾರದು. ರುಚಿ ನೋಡಲು ತಲೆಗೆ 20ರಿಂದ 50 ಯೂರೋ ಇಟ್ಟುಕೊಳ್ಳಿ, ಊಟ ಸೇರಿದರೆ ಇನ್ನೂ ಹೆಚ್ಚು. ಆ ದಿನ ಸೆಂಟು, ಅತ್ತರು ಹಚ್ಚಿಕೊಳ್ಳಬೇಡಿ, ನಿಮ್ಮ ಪಕ್ಕ ಕೂತವರ ಲೋಟದ ಪರಿಮಳವೂ ಕೆಡುತ್ತದೆ.

ಯಾವ ಎರಡು ಎಂದು ಕೇಳಿದರೆ, ಒಂದು ದೊಡ್ಡದು, ಒಂದು ಮನೆತನದ್ದು ಎನ್ನುತ್ತೇನೆ. ಅವಿನ್ಯೊನೇಸಿ ದೊಡ್ಡ ಹೆಸರು, ಅದರ ವಿನ್ ಸಾಂತೊ ಮಾಗುವ ಕೋಣೆ ನೋಡುವಂಥದ್ದು. ಸಾಲ್ಕೇತೊದವರು ಹೊರಗಿನ ವಿದ್ಯುತ್ ಜಾಲವನ್ನು ನೆಚ್ಚದೆ ನಡೆಯುವಂತೆ ವೈನರಿ ಕಟ್ಟಿದ್ದಾರೆ. ಗೆಳೆಯರಲ್ಲಿ ಇಂಜಿನಿಯರುಗಳಿದ್ದರೆ ಅಲ್ಲಿಂದ ಎಬ್ಬಿಸುವುದು ಕಷ್ಟ. ಬೊಸ್ಕರೆಲ್ಲಿ 1962ರಲ್ಲಿ ಶುರುವಾದ ಮನೆತನದ ತೋಟ. ಸಣ್ಣ ತೋಟಗಳಲ್ಲಿ ಬಳ್ಳಿ ಸವರುವವರೂ ಲೋಟಕ್ಕೆ ಬಗ್ಗಿಸುವವರೂ ಒಬ್ಬರೇ ಆಗಿರುವುದುಂಟು. ನನ್ನ ಆಯ್ಕೆ ಯಾವಾಗಲೂ ಅಂಥದ್ದೇ. ಅವರಿಗೆ ನಂದಿ ಬೆಟ್ಟದ ಸುತ್ತ ದ್ರಾಕ್ಷಿ ಬೆಳೆಯುವ ಬಗೆ ಹೇಳಿ. ನಮ್ಮಲ್ಲಿ ಬಳ್ಳಿ ಚಳಿಗಾಲದಲ್ಲಿ ನಿದ್ದೆ ಹೋಗುವುದಿಲ್ಲ, ವರ್ಷಕ್ಕೆ ಎರಡು ಸಲ ಸವರಬೇಕು, ವೈನ್ ದ್ರಾಕ್ಷಿಯ ಕೊಯ್ಲು ಬೇಸಿಗೆಯ ಹೊಸ್ತಿಲಲ್ಲಿ ಎಂದಾಗ ಅವರ ಕಣ್ಣು ಅರಳುತ್ತದೆ. ಹಂಪಿ ಸೀಮೆಯ ತೋಟವೊಂದರಲ್ಲಿ ಸಾಂಜೊವೇಸೆ ಬೆಳೆಯುತ್ತಾರೆ ಎಂದು ನಾವು ಹೇಳಿದಾಗ ಅಂಥ ಒಂದು ಸಣ್ಣ ತೋಟದ ಯಜಮಾನರು ಒಳಗೆ ಹೋಗಿ, ಪಟ್ಟಿಯಲ್ಲಿಲ್ಲದ ಹಳೆಯ ಬಾಟಲಿಯೊಂದನ್ನು ತಂದು ತೆರೆದರು.

ಹೊಟ್ಟೆಗೆ

ಖಾಲಿ ಹೊಟ್ಟೆಯಲ್ಲಿ ಲೋಟ ಎತ್ತಬೇಡಿ. ಈ ಸೀಮೆಯ ಮನೆ ಅಡುಗೆ ಪೀಚಿ. ಮೈದಾ ಹಿಟ್ಟನ್ನು ನೀರಲ್ಲಿ ಕಲಸಿ, ದೀಪದ ಬತ್ತಿ ಹೊಸೆದಂತೆ ಅಂಗೈಯಲ್ಲಿ ಹೊಸೆದು ಮಾಡುವ ದಪ್ಪ ಶಾವಿಗೆ ಅದು. ಸಸ್ಯಾಹಾರಿಗಳು ಪೀಚಿ ಅಲ್ ಅಲ್ಯೋನೆ ಕೇಳಬೇಕು. ಅಲ್ಯೋನೆ ಎಂದರೆ ಪಕ್ಕದ ಕಿಯಾನಾ ಕಣಿವೆಯ ದೈತ್ಯ ಬೆಳ್ಳುಳ್ಳಿ. ಗಾತ್ರ ದೊಡ್ಡದು, ಘಾಟು ಕಡಿಮೆ. ಟೊಮೆಟೊ ಜೊತೆ ನಿಧಾನಕ್ಕೆ ಬೇಯಿಸಿದ ಆ ಗೊಜ್ಜು ನಮ್ಮ ನಾಲಿಗೆಗೆ ಕೂಡಲೇ ಒಗ್ಗುತ್ತದೆ. ರಿಬೊಲ್ಲಿತಾ ಎಂಬ ಹುರುಳಿಕಾಯಿ ಬೀಜ, ಸೊಪ್ಪು, ಬ್ರೆಡ್ಡಿನ ಗಟ್ಟಿ ಸಾರೂ ಚೆನ್ನ, ಆದರೆ ಮಾಂಸದ ನೀರು ಹಾಕಿದ್ದಾರೆಯೇ ಎಂದು ಕೇಳಿಕೊಳ್ಳಿ. 'ಸೆಂತ್ಸಾ ಕಾರ್ನೆ' ಎಂದರೆ ಮಾಂಸವಿಲ್ಲದೆ ಎಂದರ್ಥ. ಪಕ್ಕದ ಪಿಯೆಂತ್ಸಾ ಊರು ಪೆಕೊರೀನೊ ಎಂಬ ಕುರಿಹಾಲಿನ ಗಿಣ್ಣಕ್ಕೆ ಹೆಸರುವಾಸಿ. ಕಟ್ಟಾ ಸಸ್ಯಾಹಾರಿಗಳಿಗೆ ಒಂದು ಮಾತು: ಹಾಲು ಹೆಪ್ಪುಗಟ್ಟಿಸಲು ಸಾಮಾನ್ಯವಾಗಿ ಎಳೆಯ ಪ್ರಾಣಿಗಳ ಜಠರದಿಂದ ತೆಗೆದ ರೆನೆಟ್ ಬಳಸುತ್ತಾರೆ. ಕೇಳಿ ತಿಳಿದು ತಿನ್ನಿ. ಟಸ್ಕನಿಯ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ, ಮರೆತಿದ್ದಾರೆಂದು ಭಾವಿಸಬೇಡಿ. ಬಿಲ್ಲಿನಲ್ಲಿ 'ಕೊಪೆರ್ತೊ' ಎಂದು ತಲೆಗೆ ಒಂದೆರಡು ಯೂರೋ ಸೇರಿರುತ್ತದೆ, ಅದು ಮೇಜಿನ ಬಾಬ್ತು.

ಕುಡಿಯದ ಗೆಳೆಯರನ್ನು ಬಿಟ್ಟು ಹೋಗಬೇಡಿ. ಬಹುಪಾಲು ತೋಟಗಳಲ್ಲಿ ಆಲಿವ್ ಮರಗಳೂ ಇರುತ್ತವೆ. ಆಲಿವ್ ಎಣ್ಣೆಯ ರುಚಿ ನೋಡುವುದೂ ವೈನಿನಷ್ಟೇ ಸೊಗಸಾದ ಅನುಭವ, ಗಂಟಲಲ್ಲಿ ಮೆಣಸಿನಂತೆ ಚುರುಕು ಹತ್ತಿಸುವ ಎಣ್ಣೆ ಹೊಸದು. ನವೆಂಬರಿನಲ್ಲಿ ಹೋದರೆ ಆಗ ತಾನೇ ಗಾಣದಿಂದ ಬಂದ ಹಸಿರು ಎಣ್ಣೆ ಸಿಗುತ್ತದೆ.

ದಾರಿ, ಕಾಲ, ನಡುವಿನ ಹೊತ್ತು

ರೋಮ್–ಫ್ಲಾರೆನ್ಸ್ ಹಳೆಯ ರೈಲುಮಾರ್ಗದ ಕ್ಯೂಸಿ–ಕಿಯಾಂಚಾನೊ ತೆರ್ಮೆ ನಿಲ್ದಾಣದಲ್ಲಿ ಇಳಿಯಿರಿ. ಎರಡೂ ನಗರಗಳಿಂದ ಸುಮಾರು ಎರಡು ಗಂಟೆಯೊಳಗಿನ ದಾರಿ. ಅಲ್ಲಿಂದ ಬಸ್ಸಿನಲ್ಲಿ ಹೆಚ್ಚೂಕಡಿಮೆ ಒಂದು ಗಂಟೆ. ನಕ್ಷೆಯಲ್ಲಿ ಮೊಂತೆಪುಲ್ಚಾನೊ ಹೆಸರಿನ ನಿಲ್ದಾಣವೂ ಕಾಣುತ್ತದೆ, ಮೋಸಹೋಗಬೇಡಿ. ಅದು ಕೆಳಗಿನ ಬಯಲಿನಲ್ಲಿ, ಊರಿಂದ ಬಹಳ ದೂರ ಇದೆ. ಭಾನುವಾರ ಬಸ್ಸುಗಳು ತೀರಾ ಕಡಿಮೆ, ಆ ದಿನ ಹೋಗುವುದು ಬರುವುದು ಇಟ್ಟುಕೊಳ್ಳದಿರುವುದೇ ಒಳ್ಳೆಯದು. ಕಾಗದದ ರೈಲು ಟಿಕೆಟ್ಟನ್ನು ಹತ್ತುವ ಮುಂಚೆ ಪ್ಲಾಟ್‌ಫಾರಂನ ಯಂತ್ರದಲ್ಲಿ ಮುದ್ರೆ ಹಾಕಿಸಿ, ಇಲ್ಲವಾದರೆ ದಂಡ. ಇಟಲಿಗೆ ಬೇಕಾದ ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮುಂಚಿನಿಂದಲೇ ಅರ್ಜಿ ಹಾಕಬಹುದು.

ಮೇ, ಜೂನ್ ಹಿತ. ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಮೊದಲವರೆಗೆ ಸುಗ್ಗಿ. ಊರಿಗೆ ಊರೇ ದ್ರಾಕ್ಷಿಯ ವಾಸನೆ, ಆದರೆ ನಿಮ್ಮ ಜೊತೆ ಕೂರಲು ಯಾರಿಗೂ ಬಿಡುವಿಲ್ಲ. ಆಗಸ್ಟಿನಲ್ಲಿ ಬಿಸಿಲು ಜೋರು. ಆದರೆ ಆ ತಿಂಗಳ ಕೊನೆಯ ಭಾನುವಾರ ಬ್ರಾವಿಯೊ ದೆಲ್ಲೆ ಬೊತ್ತಿ ನಡೆಯುತ್ತದೆ. ಊರಿನ ಎಂಟು ಕೇರಿಗಳು ತಲಾ ಇಬ್ಬರನ್ನು ಇಳಿಸುತ್ತವೆ. ಸುಮಾರು 80 ಕಿಲೋ ತೂಕದ ಪೀಪಾಯಿಯನ್ನು ಅವರು ಕೆಳಗಿನಿಂದ ಪಿಯಾತ್ಸಾ ಗ್ರಾಂದೆಯವರೆಗೆ ಆ ಏರಿನಲ್ಲಿ ಉರುಳಿಸಿಕೊಂಡು ಓಡುತ್ತಾರೆ. ಹಿಂದೆ ಕುದುರೆ ಓಟವಾಗಿದ್ದ ಹಬ್ಬ, ಪೀಪಾಯಿ ಓಟವಾದದ್ದು 1974ರಲ್ಲಿ. ಅದನ್ನು ನೋಡಬೇಕಿದ್ದರೆ ಕೋಣೆಯನ್ನು ತಿಂಗಳುಗಳ ಮುಂಚೆ ಕಾದಿರಿಸಿ.

ಎರಡು ವೈನರಿಗಳ ನಡುವಿನ ಹೊತ್ತು ವ್ಯರ್ಥವಲ್ಲ. ಬೆಟ್ಟದ ಬುಡದಲ್ಲಿ ಹುಲ್ಲಿನ ನಡುವೆ ಒಂಟಿಯಾಗಿ ನಿಂತಿರುವ ಸಾನ್ ಬಿಯಾಜೊ ಇಗರ್ಜಿಗೆ ನಡೆದು ಹೋಗಿ. 1518ರಲ್ಲಿ ಹಿರಿಯ ಆಂತೋನಿಯೊ ದ ಸಾಂಗಾಲ್ಲೊ ಶುರುಮಾಡಿದ ಕಟ್ಟಡ. ಸಂಜೆ ಬಿಸಿಲಿಗೆ ಅದರ ಕಲ್ಲು ಜೇನಿನ ಬಣ್ಣಕ್ಕೆ ತಿರುಗುತ್ತದೆ. ಮೇಲೆ, 1868ರಿಂದ ಇರುವ ಕಫೆ ಪೊಲಿತ್ಸಿಯಾನೊದ ಕಿಟಕಿ ಪಕ್ಕ ಒಂದು ಕಾಫಿ. ಕವಿ ಪೊಲಿತ್ಸಿಯಾನೊ 1454ರಲ್ಲಿ ಹುಟ್ಟಿದ್ದು ಈ ಊರಿನಲ್ಲೇ.

ಊರಿಗೆ ತರುವ ಬಾಟಲಿ

ಹೊರದೇಶದಿಂದ ಭಾರತಕ್ಕೆ ಬರುವ ಒಬ್ಬರು ಸುಂಕವಿಲ್ಲದೆ ಎರಡು ಲೀಟರ್ ಮದ್ಯ ತರಬಹುದು. ಎರಡು ಬಾಟಲಿ ಎಂದರೆ ಒಂದೂವರೆ ಲೀಟರ್, ಮೂರಾದರೆ ಮಿತಿ ದಾಟುತ್ತದೆ. ತಲೆಗೆ ಎರಡೇ ಬಾಟಲಿ. ವಿಮಾನದ ಕೈಚೀಲದಲ್ಲಿ ಬಿಡುವುದಿಲ್ಲ. ಒಂದೊಂದನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು, ದಪ್ಪ ಬಟ್ಟೆ ಸುತ್ತಿ, ದೊಡ್ಡ ಪೆಟ್ಟಿಗೆಯ ನಟ್ಟನಡುವೆ ಇಡಿ. ವೈನರಿಯವರ ಹತ್ತಿರ ಗುಳ್ಳೆ ಪ್ಲಾಸ್ಟಿಕ್ ಇರುತ್ತದೆ, ಕೇಳಿದರೆ ಕೊಡುತ್ತಾರೆ.

ಮನೆಗೆ ಬಂದ ದಿನವೇ ಬಿರಡೆ ತೆಗೆಯಬೇಡಿ. ಪ್ರಯಾಣದ ಕುಲುಕಾಟದ ನಂತರ ಒಂದೆರಡು ವಾರ ವೈನಿಗೆ ವಿಶ್ರಾಂತಿ ಬೇಕು. ಫ್ರಿಜ್ಜಿನ ಮೇಲಾಗಲಿ, ಅಡುಗೆಮನೆಯ ಅಟ್ಟದ ಮೇಲಾಗಲಿ ಇಡದೆ, ಬೆಳಕು ಬೀಳದ ಕಪಾಟಿನ ಕೆಳಗಿನ ಅರೆಯಲ್ಲಿ ಅಡ್ಡ ಮಲಗಿಸಿ. ಕುಡಿಯುವ ಮುಂಚೆ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆಯಿರಿ. ಜೊತೆಗೆ ಬಂದಿದ್ದ ಗೆಳೆಯರೆಲ್ಲ ಸೇರುವ ದಿನ ನೋಡಿಕೊಂಡು ತೆರೆಯಿರಿ.